ಸೈಕ್ಲೋನ್ ಎಂದು ಹೆಸರಿಟ್ಟ ಹಡಗಿನ ಕ್ಯಾಪ್ಟನ್: ಹೆನ್ರಿ ಪಿಡಿಂಗ್ಟನ್

ನವೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಎರಡು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದರೆ ಸಾಕು, ಸೈಕ್ಲೋನ್ ಮಳೆ ಎನ್ನುತ್ತೇವೆ. ಈ ಪದವನ್ನು ಕಟ್ಟಿದ್ದು ಯುರೋಪಿನ ಯಾವುದೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ಕಲ್ಕತ್ತಾದಲ್ಲಿ ನೆಲೆಸಿದ್ದ ಒಬ್ಬ ಮಾಜಿ ಹಡಗಿನ ಕ್ಯಾಪ್ಟನ್.

ಹೆನ್ರಿ ಪಿಡಿಂಗ್ಟನ್ ಹುಟ್ಟಿದ್ದು 1797ರಲ್ಲಿ, ಇಂಗ್ಲೆಂಡಿನಲ್ಲಿ. ಸರಕು ಹಡಗುಗಳಲ್ಲಿ ದುಡಿದು, ಕ್ಯಾಪ್ಟನ್ ಆಗಿ, ಕೊನೆಗೆ ಕಲ್ಕತ್ತಾದಲ್ಲಿ ಉಳಿದುಕೊಂಡ. ಅಲ್ಲಿ ಖನಿಜಗಳ ಸಂಗ್ರಹಾಲಯವೊಂದರ ಮೇಲ್ವಿಚಾರಕನಾದ. ಹಡಗು ಅಪಘಾತಗಳನ್ನು ವಿಚಾರಿಸುವ ನ್ಯಾಯಮಂಡಳಿಯ ಅಧ್ಯಕ್ಷನೂ ಆದ. ಆದರೆ ಮನಸ್ಸೆಲ್ಲ ಇದ್ದದ್ದು ಬಿರುಗಾಳಿಗಳ ಮೇಲೆ. ವಿಲಿಯಂ ರೀಡ್ ಎಂಬ ಸೇನಾ ಎಂಜಿನಿಯರ್ 1838ರಲ್ಲಿ ಬಿರುಗಾಳಿಗಳ ನಿಯಮದ ಬಗ್ಗೆ ಪುಸ್ತಕ ಪ್ರಕಟಿಸಿದ್ದ. ಕಡಲಿನ ದೊಡ್ಡ ಗಾಳಿಗಳು ನೇರವಾಗಿ ಬೀಸುವುದಿಲ್ಲ, ಒಂದು ನಡುಬಿಂದುವಿನ ಸುತ್ತ ತಿರುಗುತ್ತವೆ ಎಂಬ ವಿಚಾರ ಅದರಲ್ಲಿತ್ತು. ಪಿಡಿಂಗ್ಟನ್ ಅದನ್ನು ಬಂಗಾಳ ಕೊಲ್ಲಿಯಲ್ಲಿ ಒರೆಗೆ ಹಚ್ಚಿದ.

ಆಗ ಉಪಗ್ರಹವಿಲ್ಲ, ರೇಡಿಯೋ ಇಲ್ಲ. ಕಲ್ಕತ್ತಾಕ್ಕೆ ಬಂದು ಸೇರುವ ಹಡಗುಗಳ ಲಾಗ್‌ಬುಕ್‌ಗಳೇ ಆತನ ಆಧಾರ. ಒಂದೇ ದಿನ, ಒಂದೇ ಹೊತ್ತಿಗೆ ಬೇರೆ ಬೇರೆ ಹಡಗುಗಳಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತ್ತು, ಬ್ಯಾರೋಮೀಟರ್ ಎಷ್ಟು ಇಳಿದಿತ್ತು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿದಾಗ ಸುರುಳಿ ತಾನಾಗಿಯೇ ಮೂಡುತ್ತಿತ್ತು. 1839ರಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಇಂಥ ವರದಿಗಳನ್ನು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದರ ಹಿಂದೊಂದು ಪ್ರಕಟಿಸಿದ.

ಅವುಗಳಲ್ಲಿ ಚಾರ್ಲ್ಸ್ ಹೆಡಲ್ ಎಂಬ ಹಡಗಿನ ಕಥೆ ಬಹಳ ಪ್ರಸಿದ್ಧ. 1845ರ ಫೆಬ್ರವರಿಯಲ್ಲಿ ಮಾರಿಷಸ್ ಬಳಿ ಬಿರುಗಾಳಿಗೆ ಸಿಕ್ಕ ಅದು, ಗಾಳಿ ದೂಡಿದ ಕಡೆಗೆ ದಿನಗಟ್ಟಲೆ ಓಡಿತು. ಸಾವಿರಕ್ಕೂ ಹೆಚ್ಚು ಮೈಲಿ ಓಡಿಯೂ ಹೊರಟಲ್ಲಿಂದ ಬಹಳ ದೂರವೇನೂ ಹೋಗಿರಲಿಲ್ಲ. ಲಾಗ್‌ಬುಕ್ ಹಿಡಿದು ಲೆಕ್ಕ ಹಾಕಿದಾಗ, ಗಾಣದ ಎತ್ತಿನಂತೆ ಬಿರುಗಾಳಿಯ ನಡುಬಿಂದುವನ್ನು ಅದು ಐದು ಬಾರಿ ಸುತ್ತಿದ್ದು ಗೊತ್ತಾಯಿತು. ಗಾಳಿ ಸುತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಇದೆಲ್ಲವನ್ನೂ ನಾವಿಕರಿಗೆ ತಿಳಿಯುವಂತೆ 1848ರಲ್ಲಿ ಒಂದು ಕೈಪಿಡಿ ಬರೆದ. ಸೈಕ್ಲೋನ್ ಪದವನ್ನು ಜಗತ್ತಿಗೆ ಕೊಟ್ಟದ್ದು ಆ ಪುಸ್ತಕ. ಮೂಲ ಗ್ರೀಕ್ ಪದಕ್ಕೆ ವೃತ್ತ ಎಂಬ ಅರ್ಥವೂ ಉಂಟು, ಹಾವಿನ ಸುರುಳಿ ಎಂಬ ಅರ್ಥವೂ ಉಂಟು. ಗಾಳಿ ತಿರುಗುತ್ತದೆ ಎಂದು ಹೇಳಬೇಕು, ಆದರೆ ಪರಿಪೂರ್ಣ ವೃತ್ತ ಎಂದು ಒಪ್ಪಿಕೊಂಡಂತೆ ಆಗಬಾರದು. ಅದಕ್ಕಾಗಿ ಈ ಆಯ್ಕೆ. ಪುಸ್ತಕದ ಜೊತೆಗೆ ಕೊಂಬಿನಿಂದ ಮಾಡಿದ ಎರಡು ಪಾರದರ್ಶಕ ಹಾಳೆಗಳಿದ್ದವು, ಉತ್ತರ ಗೋಳಾರ್ಧಕ್ಕೊಂದು, ದಕ್ಷಿಣಕ್ಕೊಂದು. ಹಾಳೆಯಲ್ಲಿನ ಬಾಣದ ಗುರುತನ್ನು ಹಡಗಿನಲ್ಲಿ ಬೀಸುತ್ತಿರುವ ಗಾಳಿಗೆ ಹೊಂದಿಸಿ ನಕ್ಷೆಯ ಮೇಲಿಟ್ಟರೆ ಸುಳಿಯ ನಡುಬಿಂದು ಎಲ್ಲಿದೆ ಎಂದು ತಿಳಿಯುತ್ತಿತ್ತು. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಮುಖ ಮಾಡಿ ನಿಂತರೆ ಅದು ಬಲಗೈ ಕಡೆಗಿರುತ್ತದೆ. ಅದರಿಂದ ದೂರ ಸರಿದರೆ ಜೀವ ಉಳಿಯುತ್ತದೆ.

ಚಂಡಮಾರುತ ಏಕೆ ಹುಟ್ಟುತ್ತದೆ ಎಂಬುದು ಮಾತ್ರ ಪಿಡಿಂಗ್ಟನ್‌ಗೆ ದಕ್ಕಲಿಲ್ಲ. ಆಕಾಶದ ಎತ್ತರದಲ್ಲಿ ವಿದ್ಯುತ್ತಿನಿಂದ ಹುಟ್ಟಿ ತಟ್ಟೆಯಂತೆ ಕೆಳಗಿಳಿಯುತ್ತದೆ ಎಂದು ಆತ ನಂಬಿದ್ದ. ನಿಜದಲ್ಲಿ ಅದರ ಇಂಧನ ಇರುವುದು ಕೆಳಗೆ, ಕಡಲಿನಲ್ಲಿ. ಮೇಲ್ಪದರದ ನೀರು ಸುಮಾರು 26-27 ಡಿಗ್ರಿ ಸೆಲ್ಸಿಯಸ್ ದಾಟಿ, ಆ ಬಿಸಿ ಹತ್ತಾರು ಮೀಟರ್ ಆಳದವರೆಗೂ ಇದ್ದರೆ, ಆವಿ ಹೇರಳವಾಗಿ ಮೇಲೇರುತ್ತದೆ. ಅದು ಮೋಡವಾಗಿ ನೀರಾಗುವಾಗ, ಆವಿಯಾಗಲು ಹೀರಿಕೊಂಡಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಗಾಳಿ ಇನ್ನೂ ಬಿಸಿಯಾಗಿ ಏರುತ್ತದೆ, ಕೆಳಗೆ ವಾಯುಭಾರ ಕುಸಿಯುತ್ತದೆ, ಸುತ್ತಲಿನ ತೇವದ ಗಾಳಿ ಒಳನುಗ್ಗುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಪಕ್ಕಕ್ಕೆ ತಿರುಗಿಸುವುದರಿಂದ ಸುಳಿ ಏಳುತ್ತದೆ. ಸಮಭಾಜಕ ವೃತ್ತದ ಬಳಿ ಈ ತಿರುವು ತೀರಾ ಕಡಿಮೆ. ಹಾಗಾಗಿ ಐದು ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಹುಟ್ಟುವುದು ಬಲು ಅಪರೂಪ. ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗ, ದಿಕ್ಕು ಬಹಳ ಬೇರೆಯಾಗಿದ್ದರೂ ಸುಳಿ ಹರಿದುಹೋಗುತ್ತದೆ. ನಡು ಮುಂಗಾರಿನಲ್ಲಿ ದೊಡ್ಡ ಚಂಡಮಾರುತಗಳು ಕಡಿಮೆ, ಮುಂಗಾರಿನ ಮೊದಲು ಮತ್ತು ನಂತರ ಹೆಚ್ಚು. ಅದಕ್ಕೆ ಮುಖ್ಯ ಕಾರಣ ಇದೇ.

ಕಾರಣ ತಪ್ಪಿದರೂ ಪರಿಣಾಮವನ್ನು ಪಿಡಿಂಗ್ಟನ್ ಸರಿಯಾಗಿಯೇ ಅಳೆದಿದ್ದ. ಗಾಳಿಗಿಂತ ಹೆಚ್ಚು ಜನರನ್ನು ಕೊಲ್ಲುವುದು ಅದು ದೂಡಿ ತರುವ ಕಡಲಿನ ನೀರು. 1789ರಲ್ಲಿ ಗೋದಾವರಿ ಬಾಯಿಯ ಕೋರಂಗಿಯನ್ನು ಮೂರು ಅಲೆಗಳು ಒಂದರ ಹಿಂದೊಂದು ಬಂದು ಮುಳುಗಿಸಿದ್ದನ್ನು ಆತ ದಾಖಲಿಸಿದ್ದ. ಬಂಗಾಳ ಕೊಲ್ಲಿಯ ತಲೆಭಾಗ ಆಳವಿಲ್ಲದ್ದು, ಆಲಿಕೆಯಂತೆ ಕಿರಿದಾಗುತ್ತ ಹೋಗುವಂಥದ್ದು. ಅಲ್ಲಿಗೆ ನುಗ್ಗಿದ ನೀರಿಗೆ ಮೇಲೇರದೆ ಬೇರೆ ದಾರಿ ಇಲ್ಲ.

ಅದೇ ಹೊತ್ತಿಗೆ ಹೂಗ್ಲಿ ನದಿ ಹೂಳು ತುಂಬುತ್ತಿದೆ ಎಂಬ ಭಯದಿಂದ, ಸುಂದರಬನದ ಅಂಚಿನ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಯೋಚನೆ ನಡೆದಿತ್ತು. 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದ. ಮುಂದೊಂದು ದಿನ ಸೈಕ್ಲೋನಿನ ನಡುವೆ ಉಪ್ಪುನೀರು ಉಕ್ಕಿ ಬಂದು ಇಡೀ ಊರು ಐದರಿಂದ ಹದಿನೈದು ಅಡಿ ಮುಳುಗುತ್ತದೆ ಎಂದು ಎಚ್ಚರಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1858ರಲ್ಲಿ ಆತ ಕಲ್ಕತ್ತಾದಲ್ಲೇ ತೀರಿಕೊಂಡ. ಬಂದರು ಎದ್ದು ನಿಂತಿತು, ರೈಲು ಬಂತು, ಪೋರ್ಟ್ ಕ್ಯಾನಿಂಗ್ ಎಂದು ಹೆಸರಾಯಿತು.

1867ರ ನವೆಂಬರ್ ಒಂದರಂದು ಚಂಡಮಾರುತ ಅಪ್ಪಳಿಸಿತು. ಆ ಕಾಲದ ಅಳತೆಗೆ ಅದು ಭಾರಿ ಚಂಡಮಾರುತವೇನೂ ಅಲ್ಲ, ಆದರೆ ಜೊತೆಯಲ್ಲಿ ಬಂದ ನೀರು ಊರನ್ನು ಹಾಳುಗೆಡವಿತು. ಕೆಲವೇ ವರ್ಷಗಳಲ್ಲಿ ಸರ್ಕಾರ ಬಂದರನ್ನೇ ಕೈಬಿಟ್ಟಿತು. ಇಂದಿನ ಕ್ಯಾನಿಂಗ್, ಸುಂದರಬನ ನೋಡಲು ಹೋಗುವವರು ಲೋಕಲ್ ರೈಲಿನಿಂದ ಇಳಿಯುವ ಊರು.