ಲ್ಯಾಂಬ್ಟನ್ ದಕ್ಷಿಣ ಭಾರತವನ್ನೆಲ್ಲ ಸರಪಳಿ ಹಿಡಿದು ಅಳೆದರೇ? ನಿಮ್ಮ ಮೊಬೈಲ್ ಗೇಮ್‌ಗೂ ಆ ಲೆಕ್ಕಕ್ಕೂ ಏನು ನಂಟು?

ಕರ್ಜಗಿಯ ಕಡೆ ಹೊಲಗಳ ಮೂಲೆಯಲ್ಲಿ ಬಾಂದುಕಲ್ಲು ನೋಡಿರುತ್ತೀರಿ. ಮೂರು ಹೊಲ ಕೂಡುವ ಜಾಗದಲ್ಲಿ ಮೂರು ಕಲ್ಲು ನೆಡುವುದಿಲ್ಲ, ಒಂದೇ ಸಾಕು. ಆ ಒಂದು ಕಲ್ಲನ್ನು ಒಂದು ಮೊಳ ಸರಿಸಿ ನೋಡಿ, ಮೂರೂ ಹೊಲಗಳ ಆಕಾರ ಬದಲಾಗುತ್ತದೆ, ಜಗಳವೂ ಶುರುವಾಗುತ್ತದೆ. ನಿಮ್ಮ ಮೊಬೈಲ್‌ನಲ್ಲಿ ಗೇಮ್ ಸರಾಗವಾಗಿ ಓಡುವುದೂ ಹೀಗೆ ಒಂದೇ ಕಲ್ಲನ್ನು ಹಂಚಿಕೊಳ್ಳುವ ಲೆಕ್ಕದಿಂದಲೇ. 200 ವರ್ಷಗಳ ಹಿಂದೆ ಕರ್ನಾಟಕದ ಬೆಟ್ಟಗಳ ಮೇಲೆ ನಿಂತು ಇದೇ ಲೆಕ್ಕ ಮಾಡಿದವರು ವಿಲಿಯಂ ಲ್ಯಾಂಬ್ಟನ್.

ಯಾರು ಈ ಲ್ಯಾಂಬ್ಟನ್?

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸಾಧಾರಣ ಕುಟುಂಬದಲ್ಲಿ, 1750ರ ದಶಕದಲ್ಲಿ ಹುಟ್ಟಿದವರು. ಸೈನ್ಯ ಸೇರಿ ಅಮೆರಿಕದ ಯುದ್ಧದಲ್ಲಿ ಸೆರೆಸಿಕ್ಕರು. ಆಮೇಲೆ ಕೆನಡಾ ಕಡೆ ವರ್ಷಗಟ್ಟಲೆ ಇದ್ದು ಗಣಿತ ಮತ್ತು ಖಗೋಳದ ಪುಸ್ತಕ ಓದಿಕೊಂಡರು. ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು.

1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಲ್ಯಾಂಬ್ಟನ್ ಇದ್ದರು. ಒಂದು ರಾತ್ರಿ ಜನರಲ್ ಬೇರ್ಡ್ ಅವರ ದಳ ಕತ್ತಲಲ್ಲಿ ದಾರಿ ತಪ್ಪಿತು. ನಕ್ಷತ್ರ ನೋಡಿದ ಲ್ಯಾಂಬ್ಟನ್, ದಳ ಉತ್ತರಕ್ಕಲ್ಲ, ದಕ್ಷಿಣಕ್ಕೆ, ಅಂದರೆ ಶತ್ರುವಿನ ಕಡೆಗೇ ಹೊರಟಿದೆ ಎಂದು ಎಚ್ಚರಿಸಿದರು. ದಿಕ್ಸೂಚಿ ನೋಡಿದಾಗ ಅವರ ಮಾತೇ ಸರಿಯಾಗಿತ್ತು.

ಯುದ್ಧ ಮುಗಿದ ಮೇಲೆ ಅವರು ಒಂದು ಯೋಜನೆ ಮುಂದಿಟ್ಟರು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿವರೆಗೆ ತ್ರಿಕೋನಗಳ ಸಾಲು ಹೂಡಿ ನಾಡನ್ನು ಅಳೆಯುವುದು. ತೆರಿಗೆಗೂ ಸೈನ್ಯಕ್ಕೂ ನಕ್ಷೆ ಬೇಕಾಗಿದ್ದ ಕಂಪನಿ ಸರ್ಕಾರ ಒಪ್ಪಿತು.

ಸರಪಳಿ ಹಿಡಿದು ಎಲ್ಲವನ್ನೂ ಅಳೆದರೇ?

ಇಲ್ಲ. ಅನೇಕರು ಹೀಗೇ ನಂಬಿದ್ದಾರೆ, ಆದರೆ ಇದು ತಪ್ಪು. ನೆಲದ ಮೇಲೆ ಸರಪಳಿ ಹಾಸಿದ್ದು ಅಲ್ಲೊಂದು ಇಲ್ಲೊಂದು ಆಧಾರರೇಖೆಗೆ ಮಾತ್ರ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ರೇಖೆಯನ್ನು ಅಳೆಯಲು ಆರಂಭಿಸಿದರು. ಒಂದು ರೇಖೆಯ ಉದ್ದ ಗೊತ್ತಾದರೆ ಅದರ ಎರಡು ತುದಿಗಳಿಂದ ದೂರದ ಬೆಟ್ಟದ ಕಡೆಗೆ ಕೋನ ಅಳೆದರೆ ಸಾಕು, ಉಳಿದೆರಡು ಬದಿಗಳು ಲೆಕ್ಕದಲ್ಲೇ ಸಿಗುತ್ತವೆ.

ಮುಂದಿನ ತ್ರಿಕೋನಕ್ಕೆ ಹೊಸದಾಗಿ ಮೂರು ಬಿಂದು ಬೇಡ. ಹಳೆಯ ಎರಡು ಬೆಟ್ಟಗಳು ಇವೆ, ಹೊಸದೊಂದು ಸೇರಿಸಿದರೆ ಆಯಿತು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದಾಟಿ ಸರ್ವೆ ಮೈಸೂರು ಸೀಮೆಯನ್ನು ಹಾದು ಮಂಗಳೂರು ಕರಾವಳಿ ಮುಟ್ಟಿತು. ಹಳೆಯ ನಕ್ಷೆಗಳಲ್ಲಿ 400 ಮೈಲಿ ಇದ್ದ ಅಗಲ ನಿಜದಲ್ಲಿ ಸುಮಾರು 360 ಮೈಲಿ ಎಂದು ಗೊತ್ತಾಯಿತು. ನಕ್ಷೆಯಲ್ಲಿದ್ದ 40 ಮೈಲಿ ನೆಲ ಇರಲೇ ಇಲ್ಲ!

ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೇ ಅಳೆದರು. ಮದ್ರಾಸಿನಿಂದ ತ್ರಿಕೋನ ಹಿಡಿದು ಬಂದ ಲೆಕ್ಕಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ.

ಮೊಬೈಲ್ ಒಳಗೆ ಏನಾಗುತ್ತದೆ?

ಗೇಮ್‌ನ ಕಾರು, ಮರ, ಮನುಷ್ಯ ಎಲ್ಲವೂ ಸಣ್ಣ ಸಣ್ಣ ತ್ರಿಕೋನಗಳಿಂದ ಆದವು. ಅವುಗಳ ಮೂಲೆಯ ಬಿಂದುವಿಗೆ ವರ್ಟೆಕ್ಸ್ ಎನ್ನುತ್ತಾರೆ. 100 ತ್ರಿಕೋನಗಳನ್ನು ಬಿಡಿಬಿಡಿಯಾಗಿ ಬರೆದರೆ 300 ವರ್ಟೆಕ್ಸ್ ಬೇಕು. ಲ್ಯಾಂಬ್ಟನ್ ಸಾಲಿನಂತೆ ಒಂದಕ್ಕೊಂದು ಅಂಟಿಸಿದರೆ 102 ಸಾಕು. ಓಪನ್‌ಜಿಎಲ್‌ನಂಥ ಗ್ರಾಫಿಕ್ಸ್ ಲೈಬ್ರರಿಗಳಲ್ಲಿ ಇದರ ಹೆಸರು ಟ್ರಯಾಂಗಲ್ ಸ್ಟ್ರಿಪ್. ಇನ್ನೊಂದು ದಾರಿಯೂ ಇದೆ. ಬಿಂದುಗಳಿಗೆ ಸರ್ವೆ ಕಲ್ಲಿನಂತೆ ನಂಬರ್ ಕೊಟ್ಟು, ಪ್ರತಿ ತ್ರಿಕೋನಕ್ಕೂ ಮೂರು ನಂಬರ್ ಮಾತ್ರ ಹೇಳುವುದು. ಇದು ಇಂಡೆಕ್ಸ್.

ಈ ಬಿಂದುಗಳ ಪಟ್ಟಿಯನ್ನು ಗ್ರಾಫಿಕ್ಸ್ ಚಿಪ್ ಓದುವ ಬಫರ್‌ನಲ್ಲಿ ಒಮ್ಮೆ ಇಟ್ಟರೆ ಪದೇ ಪದೇ ಕಳಿಸಬೇಕಿಲ್ಲ. ಕಾರು ಮುಂದೆ ಹೋದಾಗ ಅದರ ಸಾವಿರಾರು ಬಿಂದುಗಳನ್ನು ತಿದ್ದುವುದಿಲ್ಲ. ಎಷ್ಟು ಸರಿಯಬೇಕು, ಎಷ್ಟು ತಿರುಗಬೇಕು ಎಂಬ 16 ಅಂಕಿಗಳ ಒಂದು ಮ್ಯಾಟ್ರಿಕ್ಸ್ ಕಳಿಸಿದರೆ ಉಳಿದದ್ದನ್ನು ಚಿಪ್ ನೋಡಿಕೊಳ್ಳುತ್ತದೆ. ಹಾರುವ ಬಾವುಟದಂತೆ ಆಕಾರವೇ ಬದಲಾಗುವ ಕಡೆ ಮಾತ್ರ ಅಷ್ಟು ಭಾಗವನ್ನು ತಿದ್ದುತ್ತಾರೆ.

ಹೀಗೆ ಮಾಡದೆ ಸೆಕೆಂಡಿಗೆ 60 ಸಲ ಪೂರ್ತಿ ಪಟ್ಟಿ ಕಳಿಸುವ ಗೇಮ್ ಬ್ಯಾಟರಿ ತಿನ್ನುತ್ತದೆ, ಫೋನ್ ಬಿಸಿ ಮಾಡುತ್ತದೆ. ಹಾಗಾಗಿ ಗೇಮ್ ಆಡುವಾಗ ಫೋನ್ ಬಿಸಿಯಾದರೆ ಪ್ರತಿ ಸಲವೂ ಫೋನಿನದೇ ತಪ್ಪಲ್ಲ.

ಗೇಮ್ ಬರೆದವರು ಲ್ಯಾಂಬ್ಟನ್‌ರಿಂದ ಇದನ್ನು ಕಲಿತರು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಲ್ಯಾಂಬ್ಟನ್ ಕೂಡ ಈ ವಿಧಾನ ಕಂಡುಹಿಡಿದವರಲ್ಲ, ಯುರೋಪಿನಲ್ಲಿ ಅದು ಮೊದಲೇ ಇತ್ತು. ಎರಡರ ಹಿಂದಿರುವುದು ಒಂದೇ ರೇಖಾಗಣಿತ, ಅಷ್ಟೇ.

ಕೊನೆಗೆ ಏನಾಯಿತು?

1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಏರಿಸುವಾಗ ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ಗೋಡೆಗೆ ಬಡಿದು ಹಾಳಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ತಾವೇ ಅದನ್ನು ಸರಿಪಡಿಸಿದರು. 1823ರ ಜನವರಿ 20ರಂದು, ಕೆಲಸದ ದಾರಿಯಲ್ಲೇ, ಈಗಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಸಮಾಧಿ ಅಲ್ಲೇ ಇದೆ.

ಅವರ ಸಹಾಯಕರಾಗಿ ಬಂದಿದ್ದ ಜಾರ್ಜ್ ಎವರೆಸ್ಟ್ ಸರ್ವೆಯನ್ನು ಮುಂದುವರಿಸಿದರು. 1865ರಲ್ಲಿ ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಎವರೆಸ್ಟ್ ಹೆಸರು ಬಂತು. ಸಾಲಿನ ಮೊದಲ ತ್ರಿಕೋನ ಹೂಡಿದ ಲ್ಯಾಂಬ್ಟನ್ ಹೆಸರು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಮುಂದಿನ ಸಲ ಬಾಂದುಕಲ್ಲು ಕಂಡಾಗ, ಅಥವಾ ಗೇಮ್ ತೆರೆದಾಗ, ಅವರನ್ನು ಒಮ್ಮೆ ನೆನೆಯಿರಿ.