ಫ್ಲಾರೆನ್ಸ್ ನೈಟಿಂಗೇಲ್: ಆಸ್ಪತ್ರೆ ಕಟ್ಟಡಕ್ಕೂ ಆರೋಗ್ಯ ನೀಡಿದ ಮಹನೀಯೆ

ದಾದಿಯರ ವೃತ್ತಿಗೆ ಗೌರವ ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರನ್ನು ಅರಿಯದವರು ವಿರಳ. ಆಸ್ಪತ್ರೆಯ ಕಟ್ಟಡ ಹೇಗಿರಬೇಕೆಂಬುದನ್ನು ಅಂಕಿಅಂಶಗಳ ಆಧಾರದಲ್ಲಿ ನಿರೂಪಿಸಿದ ಅವರ ಕಾರ್ಯವು ಮಾತ್ರ ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಜನನ ಮತ್ತು ಸೇವೆ

ಇವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಆಂಗ್ಲ ಕುಟುಂಬದಲ್ಲಿ ಜನಿಸಿದರು. ಮನೆಯವರ ವಿರೋಧವಿದ್ದರೂ ಶುಶ್ರೂಷಾ ವೃತ್ತಿಯನ್ನು ಆರಿಸಿಕೊಂಡರು. ಕ್ರಿಮಿಯಾ ಯುದ್ಧದ ಸಂದರ್ಭದಲ್ಲಿ, 1854ರ ನವೆಂಬರ್‌ನಲ್ಲಿ, 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಆಗಮಿಸಿದರು. ಸೈನಿಕರ ವಸತಿಗೆಂದು ನಿರ್ಮಿಸಿದ್ದ ಆ ಕಟ್ಟಡದ ಕೆಳಗಿನ ಚರಂಡಿಗಳು ಕಟ್ಟಿಕೊಂಡಿದ್ದವು. ಗಾಳಿಯ ಸಂಚಾರ ಸಾಲದಾಗಿತ್ತು. ಆಹಾರ, ಆರೈಕೆಗಳು ಸುಧಾರಿಸಿದರೂ ಆ ಚಳಿಗಾಲದಲ್ಲಿ ಸಾವುಗಳು ತಗ್ಗಲಿಲ್ಲ. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುದ್ಧಗೊಳಿಸಿ, ಗಾಳಿಗೆ ದಾರಿ ಕಲ್ಪಿಸಿದ ಬಳಿಕ ಮರಣ ಪ್ರಮಾಣವು ತೀವ್ರವಾಗಿ ಇಳಿಯಿತು.

ಸ್ವದೇಶಕ್ಕೆ ಮರಳಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಡನೆ ಲೆಕ್ಕಗಳನ್ನು ಪರಿಶೀಲಿಸಿದಾಗ, ತಾವು ಸೇವೆ ಸಲ್ಲಿಸಿದ ಆಸ್ಪತ್ರೆಯ ಅನೈರ್ಮಲ್ಯವೇ ಅನೇಕರ ಜೀವಕ್ಕೆ ಮುಳುವಾಯಿತೆಂಬ ಕಹಿಸತ್ಯ ಅವರಿಗೆ ಮನವರಿಕೆಯಾಯಿತು. ಮುಂದಿನ ಜೀವನವನ್ನು ಅವರು ಈ ದೋಷದ ನಿವಾರಣೆಗೆ ಮುಡಿಪಾಗಿಟ್ಟರು.

ಆಸ್ಪತ್ರೆ ವಿನ್ಯಾಸ

1859ರಲ್ಲಿ ಆಸ್ಪತ್ರೆಗಳನ್ನು ಕುರಿತ ಅವರ ಗ್ರಂಥವು ಪ್ರಕಟವಾಯಿತು. ವಾರ್ಡುಗಳನ್ನು ಪ್ರತ್ಯೇಕ ಕಟ್ಟಡಗಳಲ್ಲಿರಿಸಿ ಮೊಗಸಾಲೆಯಿಂದ ಜೋಡಿಸುವುದು, ಎರಡೂ ಪಾರ್ಶ್ವಗಳಲ್ಲಿ ಎದುರುಬದುರಾಗಿ ಕಿಟಕಿಗಳನ್ನು ಇಡುವುದು, ಹಾಸಿಗೆಗಳ ನಡುವೆ ಸಾಕಷ್ಟು ಅಂತರ, ಬಿಸಿಲು, ಶುದ್ಧ ನೀರು ಹಾಗೂ ಸುಸ್ಥಿತಿಯ ಒಳಚರಂಡಿಗಳನ್ನು ಒದಗಿಸುವುದು ಅವರು ಪ್ರತಿಪಾದಿಸಿದ ಮುಖ್ಯ ಅಂಶಗಳು. ವುಲ್ವಿಚ್‌ನ ಹರ್ಬರ್ಟ್ ಆಸ್ಪತ್ರೆ (1865) ಹಾಗೂ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ (1871) ಈ ಮಾದರಿಯಲ್ಲಿ ನಿರ್ಮಾಣಗೊಂಡವು.

ಭಾರತದ ನಂಟು

ಭಾರತಕ್ಕೆ ಎಂದೂ ಬಾರದಿದ್ದರೂ, ಇಲ್ಲಿನ ಸೇನಾ ಠಾಣೆಗಳಿಂದ ಬಂದ ವರದಿಗಳನ್ನು ಅವರು ಕೂಲಂಕಷವಾಗಿ ಅಧ್ಯಯನ ಮಾಡಿದರು. ಸಾವುಗಳಿಗೆ ಉಷ್ಣ ಹವೆಯನ್ನೇ ಹೊಣೆಯಾಗಿಸುವುದು ಸರಿಯಲ್ಲ, ಕೆಟ್ಟ ನೀರು, ಚರಂಡಿಯ ಅಭಾವ ಹಾಗೂ ಇಕ್ಕಟ್ಟಾದ ಕಟ್ಟಡಗಳೇ ಕಾರಣವೆಂದು 1863ರಲ್ಲಿ ರಾಯಲ್ ಆಯೋಗದ ವರದಿಗೆ ಸಲ್ಲಿಸಿದ ಅಭಿಪ್ರಾಯದಲ್ಲಿ ವಾದಿಸಿದರು.

ದುರ್ಗಂಧದ ಗಾಳಿಯಿಂದ ರೋಗ ಬರುತ್ತದೆಂಬ ಅಂದಿನ ನಂಬಿಕೆಯನ್ನು ರೋಗಾಣು ಸಿದ್ಧಾಂತವು ಬದಲಿಸಿತು. ಆದರೆ ಅವರು ಸೂಚಿಸಿದ ಪರಿಹಾರ ಸುಳ್ಳಾಗಲಿಲ್ಲ. ಸೋಂಕು ತಡೆಗೆ ಸ್ವಾಭಾವಿಕ ಗಾಳಿಯ ವ್ಯವಸ್ಥೆಯ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸೆಖೆ ಹೆಚ್ಚಿರುವ ಹಾಗೂ ವಿದ್ಯುತ್ ಕಡಿತಗೊಳ್ಳುವ ಪ್ರದೇಶಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು.

1910ರ ಆಗಸ್ಟ್ 13ರಂದು ಅವರು ನಿಧನ ಹೊಂದಿದರು. ಅವರ ಜನ್ಮದಿನವನ್ನು ಪ್ರತಿವರ್ಷ ಅಂತರರಾಷ್ಟ್ರೀಯ ದಾದಿಯರ ದಿನವನ್ನಾಗಿ ಆಚರಿಸಲಾಗುತ್ತಿದೆ. ಆಸ್ಪತ್ರೆಯ ನಕ್ಷೆಗೆ ಅನುಮೋದನೆ ನೀಡುವಾಗ ಚರಂಡಿ, ಕಿಟಕಿಗಳನ್ನು ಮೊದಲು ಗಮನಿಸುವುದೇ ಅವರಿಗೆ ಸಲ್ಲುವ ನಿಜವಾದ ಗೌರವ.