ಕೆರೆ ಕಟ್ಟಿದ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

ಒಂದು ನಾಡಿನ ಸಂಸ್ಕೃತಿಯನ್ನು ಅರಿಯಬೇಕಾದರೆ ಅಲ್ಲಿಯವರು ಏನನ್ನು ಕಟ್ಟಿದರು, ಯಾರಿಗಾಗಿ ಕಟ್ಟಿದರು ಎಂಬುದನ್ನು ನೋಡಬೇಕು. ಸೊಲ್ಲಾಪುರದಲ್ಲಿ ನೀರಿನ ನಡುವೆ ನಿಂತಿರುವ ಸಿದ್ಧೇಶ್ವರ ದೇವಾಲಯವನ್ನು ಕಂಡವರಿಗೆ ಈ ಮಾತಿನ ಅರ್ಥವು ತಾನಾಗಿಯೇ ಹೊಳೆಯುತ್ತದೆ. ಕೆರೆಯನ್ನೂ ಗುಡಿಯನ್ನೂ ಒಂದೇ ಪೂಜೆಯೆಂದು ಬಗೆದ ಮಹಾನುಭಾವರು ಹನ್ನೆರಡನೆಯ ಶತಮಾನದ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು.

ಸೊಲ್ಲಾಪುರಕ್ಕೆ ಆಗ ಸೊನ್ನಲಿಗೆಯೆಂದು ಹೆಸರು. ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾಗಿ ಜನಿಸಿದ ಈ ಬಾಲಕನು ಮಿತಭಾಷಿ. ಮಂಕನೆಂದು ತಿಳಿದು ಅವನನ್ನು ದನ ಕಾಯಲು ಕಳುಹಿಸುತ್ತಿದ್ದರು. ಒಂದು ದಿನ ಜಂಗಮರೂಪಿನಿಂದ ಬಂದ ಮಲ್ಲಯ್ಯನು ಮಜ್ಜಿಗೆ ಅನ್ನವನ್ನು ಬೇಡಿದನಂತೆ. ಬಾಲಕನು ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಅತಿಥಿಯು ಕಣ್ಮರೆಯಾಗಿದ್ದನು. ಅವನನ್ನೇ ಹಂಬಲಿಸುತ್ತ ಯಾತ್ರಿಕರೊಡನೆ ಶ್ರೀಶೈಲವನ್ನು ಸೇರಿದ ಬಾಲಕನು, ಅಲ್ಲಿಯೂ ಕಾಣದೆ ಕಮರಿಗೆ ಧುಮುಕಲೆಳಸಿದಾಗ ಮಲ್ಲಿಕಾರ್ಜುನನೇ ಕೈಹಿಡಿದು ಉಳಿಸಿದನೆಂಬುದು ಭಕ್ತರ ನಂಬುಗೆ. ಹದಿಮೂರನೆಯ ಶತಮಾನದಲ್ಲಿ ಹಂಪೆಯ ರಾಘವಾಂಕನು ಈ ಚರಿತೆಯನ್ನು ಷಟ್ಪದಿಯಲ್ಲಿ ಹಾಡಿದ್ದಾನೆ.

ಸೊನ್ನಲಿಗೆಯನ್ನು ಅಭಿನವ ಶ್ರೀಶೈಲವಾಗಿಸಬೇಕೆಂಬ ದೇವರ ಅಪ್ಪಣೆಯನ್ನು ಹೊತ್ತು ಸಿದ್ಧರಾಮರು ಹಿಂದಿರುಗಿದರು. ಮಲ್ಲಿಕಾರ್ಜುನನನ್ನು ಪ್ರತಿಷ್ಠಾಪಿಸಿದರು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು. ಮಳೆಯು ಅಪರೂಪವಾದ ಆ ಬಯಲುಸೀಮೆಯಲ್ಲಿ ಜನಕ್ಕೂ ದನಕ್ಕೂ ನೀರಾಗಲೆಂದು ಶಿಷ್ಯಸಮೂಹದೊಡನೆ ಕೆರೆಯನ್ನು ತೋಡಿಸಿದರು. ದನ ಕಾಯ್ದವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಬೇಕೆ?

ಆ ಕೆಲಸವು ಭರದಿಂದ ಸಾಗಿರುವಾಗಲೇ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಮಣ್ಣು ಅಗೆಯುವವನೆಂದು ಸಿದ್ಧರಾಮರನ್ನು ಹಂಗಿಸಿದರು. ಕೆರಳಿದ ಶಿಷ್ಯರು ಅವರ ಮೇಲೆ ಕಲ್ಲೆಸೆದರು. ಸಿದ್ಧರಾಮರಿಗೂ ಕಡುಕೋಪ ಬಂದಿತು. ಲೋಕಕ್ಕೆ ತಂಪನ್ನೀಯಲು ಕೆರೆ ಕಟ್ಟುತ್ತಿದ್ದವರ ಎದೆಯಲ್ಲಿಯೇ ಬೆಂಕಿಯಿತ್ತು! ಕಟ್ಟಿದವನೆಂಬ ಅಭಿಮಾನವು ಅಳಿಯದೆ ಕಟ್ಟಡವು ಪೂಜೆಯಾಗದೆಂಬ ತತ್ತ್ವವನ್ನು ಪ್ರಭುಗಳು ಅವರಿಗೆ ಮನಗಾಣಿಸಿದರು. ಅನಂತರ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ತೆರಳಿ, ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಅಷ್ಟು ದೊಡ್ಡ ಕೀರ್ತಿಯ ಪುರುಷರು ಕಿರಿಯರ ಮುಂದೆ ತಲೆಬಾಗಿದುದೇ ಅವರ ಜೀವನದ ಶಿಖರ. ಮುಂದೆ ಶೂನ್ಯಸಿಂಹಾಸನವನ್ನೂ ಅವರು ಅಲಂಕರಿಸಿದರು.

ಆದರೂ ತಮ್ಮೂರಿನ ಗುಡಿಯನ್ನು ಅವರು ಮರೆಯಲಿಲ್ಲ. ಅವರ ವಚನಗಳ ಅಂಕಿತ ಕಪಿಲಸಿದ್ಧ ಮಲ್ಲಿಕಾರ್ಜುನ. ಅಂಗದ ಮೇಲೆ ಲಿಂಗವನ್ನು ಧರಿಸಿದ ಬಳಿಕವೂ ಸೊನ್ನಲಿಗೆಯ ದೇವರ ಹೆಸರು ಅವರ ನಾಲಗೆಯ ಮೇಲೆ ಉಳಿಯಿತು. ಕಡೆಗೆ ಅಲ್ಲಿಗೇ ಮರಳಿ ಸಮಾಧಿಸ್ಥರಾದರು.

ಮುಂದೆ ಕೆರೆಯ ದಡದಲ್ಲಿ ಬಹಮನಿಯರ ಕಾಲದ ಕೋಟೆ ಎದ್ದಿತು. ರಾಜ್ಯಗಳು ಬಂದುವು, ಹೋದುವು. 1960ರಲ್ಲಿ ಸೊಲ್ಲಾಪುರವು ಮಹಾರಾಷ್ಟ್ರ ರಾಜ್ಯಕ್ಕೆ ಸೇರಿತು. ಆದರೆ ಮಕರ ಸಂಕ್ರಮಣದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಟು, ಶಿವಯೋಗಿಗಳ ಯೋಗದಂಡಕ್ಕೂ ಕುಂಬಾರ ಕನ್ನಿಕೆಗೂ ವಿವಾಹವು ನೆರವೇರುವಾಗ ಕನ್ನಡ, ಮರಾಠಿ, ತೆಲುಗು ಮಾತನಾಡುವವರೆಲ್ಲರೂ ಒಂದೇ ಮನೆಯ ಬೀಗರಾಗುತ್ತಾರೆ.

ಜೀರ್ಣೋದ್ಧಾರದ ಪುಣ್ಯಕಾರ್ಯದಲ್ಲಿ ತೊಡಗಿರುವ ನಮಗೆ ಈ ಚರಿತೆಯು ದಾರಿದೀಪವಾಗಲಿ. ಕಲ್ಲಿನ ಬಿರುಕನ್ನು ಶಿಲ್ಪಿಯು ಮುಚ್ಚಿಯಾನು. ಮನಸ್ಸಿನ ಬಿರುಕನ್ನು ನಾವೇ ಮುಚ್ಚಬೇಕು. ದೇವಾಲಯದ ಬಾಗಿಲಿಗೆ ಬಂದವರಿಗೆ ನೆರಳೂ ನೀರೂ ದೊರೆಯಲಿ. ಕಟ್ಟಿದೆವೆಂಬ ಹಮ್ಮು ಹೊಸ್ತಿಲಿನಿಂದ ಹೊರಗೇ ಉಳಿಯಲಿ.